ಎಂಟು ನಲವತ್ತರ ಮಂಜು

ಮೊನ್ನೆ ಭಾನುವಾರ ನನ್ನ ಹೆಂಡತಿ ಮಸಾಲೆಗೆಂದು ಕಲ್ಲುಹೂವು ಹುರಿಯುತ್ತಿದ್ದಳು. ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಅದರಿಂದ ಒಂದು ವಾಸನೆ ಏಳುತ್ತದೆ. ಒದ್ದೆ ತೊಗಟೆ, ಹೊಗೆ, ಬಹಳ ದಿನ ಮುಚ್ಚಿಟ್ಟ ಮರದ ಪೆಟ್ಟಿಗೆ, ಎಲ್ಲ ಸೇರಿದಂಥದ್ದು. ಪೇಪರು ಓದುತ್ತಿದ್ದವನು ಎದ್ದು ಹೋಗಿ ಕಿಟಕಿ ತೆರೆದೆ. "ಕೆಮ್ಮು ಬಂತಾ?" ಎಂದಳು. ಹೌದು ಎಂದೆ. ಕೆಮ್ಮು ಬರುವ ಮೊದಲೇ ಕಷಾಯ ಕುಡಿಯುವ ಗಂಡಸು ನಾನು, ಅವಳು ನಂಬಿದಳು.

ಕಲ್ಲುಹೂವನ್ನು ಜನ ಸಾಗುವಿಗೆ ಹಾಕುತ್ತಾರೆ. ಮದುವೆಯ ಮಂಟಪಕ್ಕೆ ಕಟ್ಟಿದವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ಪುಟ್ಟ ರಾಜ್ಯ. ಸರ್ಕಾರಿ ನೌಕರನಿಗೆ ಶಿಕ್ಷೆ ಕೊಡಬೇಕೆಂದು ಮೇಲಿನವರಿಗೆ ಎಷ್ಟೇ ಆಸೆಯಿದ್ದರೂ ವರ್ಗ ಮಾಡಲು ದೂರದ ಊರು ಸಿಗುತ್ತಿರಲಿಲ್ಲ. ನಾನು ಕುಶಾಲನಗರದ ಕಡೆಯವನು. ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ನೆಲೆಯೂರಿದ ಮನೆತನ. ಮಡಿಕೇರಿಯ ಶಾಲೆಯಲ್ಲಿ ಲೆಕ್ಕ ಹೇಳಿಕೊಡಲು ಸೇರಿದಾಗ ನನಗಿನ್ನೂ ಇಪ್ಪತ್ತಮೂರು. ಆದರೆ ಚಿಂತೆ ಮಾಡುವುದರಲ್ಲಿ ಆಗಲೇ ಅರವತ್ತರ ಅನುಭವವಿತ್ತು. ಬಾಡಿಗೆಗೆ ಕೋಣೆ ಸಿಕ್ಕಿದ್ದು ಪಕ್ಕದ ಗಾಳಿಬೀಡಿನಲ್ಲಿ, ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ.

ಮೇಷ್ಟ್ರಿಗೆ ನಲವತ್ತು ದಾಟಿತ್ತು. ಅರೆಭಾಷೆ ಮಾತಾಡುವ ದೊಡ್ಡ ಕುಟುಂಬದವರು. ತಂದೆತಾಯಿ ಇರಲಿಲ್ಲ. ಅದೇ ಊರಿನ ಮೇಲಿನ ದಿಣ್ಣೆಯಲ್ಲಿ ಅವರ ಕುಟುಂಬದ ಮೂಲಮನೆ, ಅಲ್ಲಿ ಯಜಮಾನಿಕೆ ಅವರ ದೊಡ್ಡಪ್ಪನದು. ಇವರು ಮಾತ್ರ ಕೆಳಗೆ ಗದ್ದೆಯಂಚಿನ ಮನೆಯಲ್ಲಿ ಒಬ್ಬರೇ, ಬಣ್ಣದ ಬಟ್ಟಲುಗಳ ಜೊತೆ.

ಶಾಲೆಯ ಮರದಿಂದ ಬಿದ್ದು ಕೈ ಮುರಿದುಕೊಂಡ ಒಬ್ಬ ವಿದ್ಯಾರ್ಥಿಯನ್ನು ಎತ್ತಿಕೊಂಡು ಅವರು ಆಸ್ಪತ್ರೆಗೆ ಓಡಿದ್ದರು. ಅಲ್ಲಿದ್ದ ನರ್ಸಮ್ಮ ಪಟ್ಟಿ ಕಟ್ಟುವುದನ್ನು ನಿಂತು ನೋಡಿ, "ಎಷ್ಟು ಚೆಂದ ಗೆರೆ ಎಳೆದ ಹಾಗೆ ಸುತ್ತುತ್ತೀರಿ" ಎಂದರಂತೆ. ಮುರಿದ ಕೈ ಆರು ವಾರಕ್ಕೆ ಕೂಡಿಕೊಂಡಿತು. ಮೇಷ್ಟ್ರು ಮಾತ್ರ ಮತ್ತೂ ಎರಡು ವರ್ಷ ಆಸ್ಪತ್ರೆಗೆ ಏನಾದರೊಂದು ನೆಪ ಹುಡುಕುತ್ತಿದ್ದರು...

ನರ್ಸಮ್ಮ ಗೋಣಿಕೊಪ್ಪಲಿನವರು, ಮನೆಮಾತು ಮಲಯಾಳ. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡ ತೀರಿಹೋಗಿದ್ದರು. ತಿಥಿಯ ದಿನ ಗಂಡನ ಕಡೆಯವರು ಇವರನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ, ಅವನಿಗೆ ಕೊನೆಗೆ ಉಣ್ಣಲು ಏನು ಕೊಟ್ಟೆ ಎಂದು ಕೇಳಿದ್ದರಂತೆ. ಇಬ್ಬರೇ ನಡೆದರೆ ಊರು ಆಡಿಕೊಳ್ಳುತ್ತದೆಂದು ಸಂಜೆಯ ತಿರುಗಾಟಕ್ಕೆ ಮೇಷ್ಟ್ರು ನನ್ನನ್ನೂ ಕರೆದೊಯ್ಯುತ್ತಿದ್ದುದರಿಂದ ಇದನ್ನೆಲ್ಲ ನಾನೂ ಕೇಳಿಸಿಕೊಂಡೆ. ಅಂಥ ಒಂದು ಸಂಜೆ ನರ್ಸಮ್ಮ ನಿಂತು ಹೇಳಿದರು: "ಒಡವೆ ಬೇಡ, ಸೀರೆ ಬೇಡ. ಸಭೆಯಲ್ಲಿ ಯಾರೂ ನನ್ನನ್ನು ಪ್ರಶ್ನೆ ಕೇಳ್ಬಾರ್ದು ಸಾರ್. ಒಮ್ಮೆ ಕೇಳಿದ್ದಾರೆ. ಇನ್ನೊಮ್ಮೆ ಕೇಳಿದ್ರೆ ನಾನು ಅಲ್ಲಿ ನಿಲ್ಲೋದಿಲ್ಲ."

"ಯಾರೂ ಕೇಳದ ಹಾಗೆ ಮಾಡ್ತೇನೆ" ಎಂದರು ಮೇಷ್ಟ್ರು.

ಮದುವೆ ಹೇಗಿರಬೇಕೆಂಬುದು ಅಲ್ಲೇ ನಿರ್ಧಾರವಾಯಿತು. ಹೊಸ ಭತ್ತದ ಹಬ್ಬ ಹುತ್ತರಿ ಕಳೆದ ಮೇಲೆ, ಧನುರ್ಮಾಸ ಕಾಲಿಡುವ ಮೊದಲು, ನಡುವೆ ಉಳಿಯುವ ನಾಲ್ಕಾರು ಚಳಿಯ ದಿನಗಳಲ್ಲಿ ಒಂದು. ಮನೆಯ ಮುಂದಿನ ಅಂಗಳ. ಹನ್ನೊಂದೇ ಜನ. ಹೆಣ್ಣಿನ ಕಡೆಯಿಂದ ಧಾರೆ ಎರೆಯಲು ನಮ್ಮ ಹೆಡ್ಮಾಸ್ಟರು ಮತ್ತು ಅವರ ಹೆಂಡತಿ. ನೆಂಟರಿಷ್ಟರಿಗೆ ಮದುವೆಯಾದ ಮೇಲೆ ತಿಳಿಸುವುದು.

ಆಮೇಲೆ ಮೇಷ್ಟ್ರು ಆ ಅಂಗಳವನ್ನು ಒಂದು ಚಿತ್ರವೆಂಬಂತೆ ಹಿಡಿದು ಕುಳಿತರು. ಚೆಂಡುಹೂವು ಬೇಡ, ಬಣ್ಣದ ಕಾಗದ ಬೇಡ. ಕಾಡಿನಲ್ಲಿ ಬಿದ್ದ ಕೊಂಬೆಗಳಲ್ಲಿ ಕಲ್ಲುಹೂವು ದಟ್ಟವಾಗಿ ಹಿಡಿದಿದ್ದವನ್ನು ಆರಿಸಿ ತಂದರು. ಒಣಗಿದಾಗ ಕಪ್ಪಗೆ ಮುರುಟಿಕೊಂಡಿರುವ ಅದು ಇಬ್ಬನಿ ತಾಗಿದರೆ ಅರಳಿ, ಬೂದಿಯೂ ಅಲ್ಲದ ಹಸಿರೂ ಅಲ್ಲದ ಒಂದು ಬಣ್ಣಕ್ಕೆ ಬರುತ್ತದೆ. "ಇದು ಮಂಜಿನದೇ ಬಣ್ಣ, ನೋಡು" ಎನ್ನುತ್ತಿದ್ದರು. ನಾಲ್ಕು ಕಂಬಕ್ಕೂ ಅದು. ಅಲ್ಲಲ್ಲಿ ಹಣ್ಣಾದ ಕರಿಮೆಣಸಿನ ಕೆಂಪು ಗೊಂಚಲು. ಬಾಗಿಲಿಗೆ ಹುತ್ತರಿಯ ಕದಿರು. ಮಾವಿನೆಲೆಯಾದರೂ ಇರಲಿ ಎಂದು ನಾನು ಅಂಗಲಾಚಿದ್ದಕ್ಕೆ, "ನಿನ್ನ ನಿದ್ದೆಗಾಗಿ ಒಂದು ತೋರಣ" ಎಂದು ಒಪ್ಪಿದರು. ಹನ್ನೊಂದು ಮಣೆ, ಅರ್ಧಚಂದ್ರದ ಹಾಗೆ. ಪ್ರತಿ ಮಣೆಯ ಮುಂದೆ ಕಾಲು ಬೆಚ್ಚಗಿರಲೆಂದು ಒಂದೊಂದು ಕೆಂಡದ ಮಡಕೆ. ಇದನ್ನು ಕೇಳಿದ್ದೇ ನಾನು ಸೀರೆಯ ಸೆರಗುಗಳನ್ನು ನೆನೆದು ಎರಡು ಬಕೆಟ್ ನೀರನ್ನು ಹಿತ್ತಲಿಗೆ ಗೊತ್ತುಮಾಡಿದೆ.

ಚಾಪೆ ಮಾತ್ರ ಕೂಡದು ಎಂದರು. ಏಕೆಂದು ನಾನು ಕೇಳಲಿಲ್ಲ. ಮಣೆಗೆ ಹೊಂದುವುದಿಲ್ಲವೇನೋ ಎಂದುಕೊಂಡೆ.

ಎಲ್ಲಕ್ಕಿಂತ ದೊಡ್ಡ ಹುಚ್ಚು ಮಂಜಿನದು. ಬೆಳಿಗ್ಗೆ ಆ ಗದ್ದೆಯ ಬಯಲು ಹಾಲಿನ ಪಾತ್ರೆಯ ಹಾಗೆ ತುಂಬಿಕೊಂಡಿರುತ್ತಿತ್ತು. ಅದು ಯಾವ ಹೊತ್ತಿಗೆ ಏಳುತ್ತದೆಂದು ತಿಳಿದುಕೊಂಡು, ಧಾರೆಯ ನೀರು ಬೀಳುವ ಗಳಿಗೆಗೆ ಸರಿಯಾಗಿ ಪರದೆ ಸರಿದ ಹಾಗೆ ಗದ್ದೆ, ಹೊಳೆ, ಆಚೆಯ ಗುಡ್ಡ ಎಲ್ಲ ಕಾಣಬೇಕೆಂದು ಅವರ ಆಸೆ. ತಿಂಗಳು ಪೂರ್ತಿ ನಾವಿಬ್ಬರೂ ಬದುವಿನ ಮೇಲೆ ಕುಳಿತೆವು. ಅವರ ಎರಡೂ ಕೈ ಚಿತ್ರಕ್ಕೆ ಬೇಕಿದ್ದುದರಿಂದ ಗಡಿಯಾರ ನನ್ನ ಪಾಲಿಗೆ ಬಂತು. ಎರಡು ಸ್ವೆಟರು, ಕಿವಿಗೆ ಮಫ್ಲರು, ಜೇಬಿನಲ್ಲಿ ಶುಂಠಿ ಇಟ್ಟುಕೊಂಡು, ನನಗೆ ನ್ಯುಮೋನಿಯಾ ಆದರೆ ನನ್ನ ತರಗತಿಯನ್ನು ಯಾರು ನೋಡಿಕೊಳ್ಳುತ್ತಾರೆಂದು ಯೋಚಿಸುತ್ತ ನಾನು ಹೊತ್ತು ಬರೆದುಕೊಂಡೆ. ಎಂಟು ಮೂವತ್ತೆಂಟು. ಎಂಟು ನಲವತ್ತೊಂದು. ಎಂಟು ನಲವತ್ತು. ಮುಹೂರ್ತವೂ ಆ ಹೊತ್ತಿಗೆ ಕೂಡಿಬಂತು.

ಎಲ್ಲ ಸರಿಯಿತ್ತು. ಎಲ್ಲ ಸರಿಯಿದ್ದಾಗಲೇ ನನಗೆ ಚಿಂತೆ ಶುರುವಾಗುವುದು.

ಹಿರಿಯರಿಗೆ ಹೇಳದೆ ಮದುವೆಯೇ? ಅರ್ಧ ಮೈಲಿ ದೂರದಲ್ಲಿ ದೊಡ್ಡಪ್ಪನಿದ್ದಾರೆ. ನಾಳೆ ವಿಷಯ ತಿಳಿದು ಅವರು ಮುನಿಸಿಕೊಂಡರೆ? ಇದು ಮದುವೆಯೇ ಅಲ್ಲ ಎಂದುಬಿಟ್ಟರೆ? ನಮ್ಮ ಕಡೆ ಇಂಥದ್ದಕ್ಕೆ ಮೂರು ತಲೆಮಾರು ಮಾತು ಬಿಟ್ಟವರನ್ನು ನಾನು ಬಲ್ಲೆ. ಮೂರು ದಿನ ಹೊರಳಾಡಿ, ಮದುವೆಯ ಮುನ್ನಾದಿನ ಮಧ್ಯಾಹ್ನ ಎಲೆಯಡಿಕೆ ಹಿಡಿದು ದಿಣ್ಣೆ ಹತ್ತಿದೆ. ಮೇಷ್ಟ್ರಿಗೆ ಹೇಳಲಿಲ್ಲ. ಅವರಿಗೂ ಒಳಗೊಳಗೆ ಸಮಾಧಾನವಾದೀತು ಎಂದು ನನ್ನ ಎಣಿಕೆ.

ದೊಡ್ಡಪ್ಪ ಸಿಡುಕುತ್ತಾರೆಂದು ಹೆದರಿದ್ದೆ. ಸಿಡುಕಲಿಲ್ಲ. ಹೆಣ್ಣು ವಿಧವೆ, ಆಸ್ಪತ್ರೆಯಲ್ಲಿ ಕೆಲಸ ಎಂದು ನಾನು ತೊದಲಿದ್ದನ್ನು ಪೂರ್ತಿ ಕೇಳಿ, ಬೆಲ್ಲದ ಕಾಫಿ ಕೊಡಿಸಿ, ವೀಳ್ಯವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಆಕು ಮಾಸ್ತ್ರೆ, ಬರುವೊ" ಎಂದರು. "ಅವಂಗಿಂತ ನಿಮ್ಗೇ ಮರ್ಯಾದೆ ಗೊತ್ತುಟ್ಟು."

ಬೀಗುತ್ತ ಇಳಿದು ಬಂದೆ. ಆ ದಿನ ಚೆನ್ನಾಗಿ ನಿದ್ದೆ ಬಂತು. ಅದಾದ ಮೇಲೆ ನನಗೆ ಚೆನ್ನಾಗಿ ನಿದ್ದೆ ಬಂದದ್ದಕ್ಕೇ ನಾನು ಹೆದರುತ್ತೇನೆ.

ಬೆಳಿಗ್ಗೆ ಕೈ ಚಾಚಿದರೆ ಬೆರಳು ಕಾಣದಷ್ಟು ಮಂಜು. ಹೆಡ್ಮಾಸ್ಟರ ಹೆಂಡತಿಯ ಜೊತೆ ನರ್ಸಮ್ಮ ಬಂದರು. ಕೆನೆಬಣ್ಣದ ಸೀರೆ, ಕೆಂಪು ಅಂಚು, ಕೊರಳಲ್ಲಿ ಒಂದು ಮಾಲೆ. ಮಂಟಪದ ಕಂಬವನ್ನು ಮುಟ್ಟಿ ನೋಡಿ ನಕ್ಕರು. ಅವರು ಬಾಯಿ ತೆರೆದು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಇದನ್ನ ಸಾರಿಗೆ ಹಾಕೋದಲ್ವಾ?"

"ಇವತ್ತು ಮಂಟಪಕ್ಕೆ, ನಾಳೆ ಸಾರಿಗೆ" ಎಂದರು ಮೇಷ್ಟ್ರು.

ಎಂಟೂಕಾಲರ ಹೊತ್ತಿಗೆ ದಿಣ್ಣೆಯ ಕಡೆಯಿಂದ ಮಾತು ಕೇಳಿಸಿತು. ಒಬ್ಬಿಬ್ಬರದಲ್ಲ. ಒಂದು ಮನೆಗೆ ಹೇಳಿದರೆ ಕುಟುಂಬಕ್ಕೆಲ್ಲ ಹೇಳಿದಂತೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಮಂಜಿನೊಳಗಿಂದ ಒಬ್ಬೊಬ್ಬರಾಗಿ ಮೂಡಿಬಂದರು, ನಲವತ್ತು ಜನರಿರಬೇಕು. ಎಲ್ಲರೂ ಹಬ್ಬದ ಉಡುಪಿನಲ್ಲಿ, ಎಲ್ಲರ ಮುಖದಲ್ಲೂ ನಗು. ಮುಂದೆ ದೊಡ್ಡಪ್ಪ. ಅವರ ಕಂಕುಳಲ್ಲಿ ಸುರುಳಿ ಸುತ್ತಿದ ಒಂದು ಚಾಪೆ.

ಸದ್ಯ, ಕೂರುವುದಕ್ಕೆ ಅವರೇ ತಂದಿದ್ದಾರೆ ಎಂದುಕೊಂಡೆ. ಆಮೇಲೆ ಮೇಷ್ಟ್ರ ಮುಖ ನೋಡಿದೆ.

ಅವರ ಪದ್ಧತಿಯ ಅರ್ಧ ಮಾತ್ರ ನನಗೆ ಗೊತ್ತಿತ್ತು. ಹೇಳಿಕೆ, ಅಂದರೆ ಮದುವೆಯ ಕರೆ, ಪಡೆದು ಬಂದ ಹಿರಿಯ ಸುಮ್ಮನೆ ಉಂಡು ಹೋಗುವಂತಿಲ್ಲ. ಚಾಪೆ ಹಾಸಿ, ದೀಪ, ವೀಳ್ಯದ ತಟ್ಟೆ ಇಟ್ಟು, ಹೆಣ್ಣು ಯಾವ ಮನೆಯದೆಂದು ಸಭೆಯಲ್ಲಿ ಮೂರು ಸಲ ಕೇಳಬೇಕು. ಯಾರಾದರೂ ಉತ್ತರ ಹೇಳಬೇಕು. ಮೇಷ್ಟ್ರು ಚಾಪೆ ಬೇಡವೆಂದದ್ದು ಅದಕ್ಕೆ. ಊರಿಗೆ ಹೇಳದೆ ಇದ್ದದ್ದೂ ಅದಕ್ಕೆ.

ಕೆಂಡದ ಮಡಕೆಗಳನ್ನು ಯಾರೋ ಪಕ್ಕಕ್ಕೆ ಸರಿಸಿದರು. ಚಾಪೆ ಬಿಚ್ಚಿಕೊಂಡಿತು. ದೊಡ್ಡಪ್ಪ ಕುಳಿತು, ಗಂಟಲು ಸರಿಮಾಡಿಕೊಂಡು, "ಹೆಣ್ಣ್ ಯಾವ ಮನೆದ್?" ಎಂದರು.

ಹೆಡ್ಮಾಸ್ಟರು ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ನರ್ಸಮ್ಮ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ನೆಲ ನೋಡುತ್ತಿದ್ದರು.

"ಹೆಣ್ಣ್ ಯಾವ ಮನೆದ್?" ಎರಡನೆಯ ಸಲದ ದನಿಯಲ್ಲಿ ಗದರಿಕೆಯೇನೂ ಇರಲಿಲ್ಲ. ಮಕ್ಕಳಿಗೆ ಪಾಠ ನೆನಪಿಸುವ ಹಾಗಿತ್ತು.

ಮೂರನೆಯ ಸಲ ಕೇಳುವವರೆಗೂ ನರ್ಸಮ್ಮ ಕಾದರು. ಆಮೇಲೆ ಕೊರಳಿನ ಮಾಲೆಯನ್ನು ತೆಗೆದು, ಮಡಿಸಿ, ಮಣೆಯ ಮೇಲೆ ಇಟ್ಟರು. ಪಟ್ಟಿ ಕಟ್ಟಿ ಮುಗಿಸಿ ಉಳಿದ ಬಟ್ಟೆಯನ್ನು ಟ್ರೇಯಲ್ಲಿಡುವ ಹಾಗೆ. ಎರಡು ಹೆಜ್ಜೆಗೆ ಮಂಜಿನಲ್ಲಿ ಮರೆಯಾದರು. ಹೆಡ್ಮಾಸ್ಟರ ಹೆಂಡತಿ ಕೂಗುತ್ತ ಹಿಂದೆ ಹೋದರು. ಮೇಷ್ಟ್ರು ಕದಲಲಿಲ್ಲ.

ಮಂಜು ಮಾತ್ರ ಹೇಳಿದ ಹೊತ್ತಿಗೆ ಎದ್ದಿತು. ಎಂಟು ನಲವತ್ತು. ಕೊಯ್ಲಾದ ಗದ್ದೆ, ಹೊಳೆ, ಆಚೆಯ ಗುಡ್ಡ, ಎಲ್ಲ ಅವರು ಬರೆದಿಟ್ಟ ಚಿತ್ರದ ಹಾಗೆಯೇ ತೆರೆದುಕೊಂಡವು. ದೂರದ ಬದುವಿನ ತುದಿಯಲ್ಲಿ ಕೆನೆಬಣ್ಣದ ಒಂದು ಸೀರೆ, ತಿರುಗಿ ನೋಡದೆ, ರಸ್ತೆ ಹತ್ತುತ್ತಿತ್ತು...

"ನಾ ಕೇಳ್ದರ್ಲಿ ತಪ್ಪು ಎಂತ?" ಎಂದರು ದೊಡ್ಡಪ್ಪ, ನನ್ನ ಕಡೆ ತಿರುಗಿ. "ಹೆಸರು ಹೇಳ್ದರೆ ಮನೆಗೆ ಸೇರ್ಸಿಕಂಡ್ ಹೋಗುವೊ ಅಂತೇ ಬಂದದ್ದ್." ಅದು ಸುಳ್ಳಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಸುಳ್ಳಾಗಿದ್ದರೆ ಅವರನ್ನಾದರೂ ದ್ವೇಷಿಸಬಹುದಿತ್ತು.

ನರ್ಸಮ್ಮ ನೇರವಾಗಿ ಆಸ್ಪತ್ರೆಗೆ ಹೋಗಿ, ಸೀರೆ ಬದಲಿಸಿ, ಮಧ್ಯಾಹ್ನದ ಒಳಗೆ ಒಂದು ಹೆರಿಗೆ ಮಾಡಿಸಿದರಂತೆ. ಮೇಷ್ಟ್ರು ಎರಡು ಸಲ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಬಂದರು. ಧನುರ್ಮಾಸ ಕಳೆಯುವ ಮೊದಲೇ ನರ್ಸಮ್ಮ ಕೇಳಿಕೊಂಡು ಕೊಡಗಿನ ತೆಂಕಣ ತುದಿಯ ಶ್ರೀಮಂಗಲಕ್ಕೆ ವರ್ಗ ಮಾಡಿಸಿಕೊಂಡರು. ಆಮೇಲೆ ಕೊಡಗು ಮೈಸೂರಿಗೆ ಸೇರಿತು. ವರ್ಗ ಮಾಡಲು ಮೇಲಿನವರಿಗೆ ಒಮ್ಮೆಲೇ ಅಷ್ಟು ದೊಡ್ಡ ಭೂಪಟ ಸಿಕ್ಕಿತು. ಮೇಷ್ಟ್ರನ್ನು ಬಯಲುಸೀಮೆಯ ಒಂದು ಊರಿಗೆ ಹಾಕಿದರು. ವರ್ಷಕ್ಕೆ ಹತ್ತು ತಿಂಗಳು ಬಿಸಿಲು ಕಾಯುವ, ಮಂಜೆಂಬುದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬಿಡಿಸಿ ತೋರಿಸಬೇಕಾದ ಊರು. ಹೋಗುವಾಗ ಬಣ್ಣದ ಬಟ್ಟಲುಗಳನ್ನು ನನಗೆ ಕೊಟ್ಟರು. ಹೇಳಿಕೆ ಕೊಟ್ಟವರು ಯಾರೆಂದು ಒಂದು ದಿನವೂ ಕೇಳಲಿಲ್ಲ. ನಾನೂ ಬಾಯಿಬಿಡಲಿಲ್ಲ.

ಹನ್ನೆರಡು ವರ್ಷದ ಮೇಲೆ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಕೂದಲೆಲ್ಲ ಬೆಳ್ಳಗಾಗಿತ್ತು. ಕಾಫಿ ಕುಡಿಯುತ್ತ ನಾನು ಹೇಗೋ ಶುರುಮಾಡಿದೆ. "ಸಾರ್, ಅವತ್ತು ದೊಡ್ಡಪ್ಪನಿಗೆ..."

"ಗೊತ್ತು ಮಾರಾಯ. ಅವತ್ತೇ ಗೊತ್ತಾಯ್ತು. ತಪ್ಪು ಎಂತ ಅಂತ ದೊಡ್ಡಪ್ಪ ತಿರುಗಿ ಕೇಳಿದ್ದು ನಿನ್ನನ್ನೇ ಅಲ್ವಾ?"

ನಾನು ಲೋಟ ಕೆಳಗಿಟ್ಟೆ. ಅವರು ಬಸ್ಸುಗಳನ್ನು ನೋಡುತ್ತಿದ್ದರು.

"ನೀನು ಕರೆದದ್ದಕ್ಕೆ ಅವರು ಬಂದ್ರು. ಅಷ್ಟೇ. 'ನನ್ನ ಮನೆದ್' ಅಂತ ಒಂದು ಮಾತು ನಾನು ಹೇಳಿದ್ರೆ ಮುಗೀತಿತ್ತು. ಬಾಯಿವರೆಗೂ ಬಂದಿತ್ತು. ಮಂಜಿಗೆ ಒಂದು ತಿಂಗಳು ಕೂತೆ, ಆ ಮಾತಿಗೆ ಒಂದು ದಿನ ಕೂರ್ಲಿಲ್ಲ ನೋಡು..."

ಅವರ ಬಸ್ಸು ಬಂತು. ಹತ್ತಿದ ಮೇಲೆ ಕಿಟಕಿಯಿಂದ ಕೈ ಬೀಸಿದರೋ ಇಲ್ಲವೋ ನೆನಪಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮೂರು ತಿಂಗಳು ತಡವಾಗಿ. ನರ್ಸಮ್ಮ ಅದಕ್ಕೂ ಮೊದಲೇ ಹೋಗಿದ್ದರು. ಒಬ್ಬರ ಸಾವು ಇನ್ನೊಬ್ಬರಿಗೆ ಗೊತ್ತಾಗಿತ್ತೋ ಇಲ್ಲವೋ, ಹೇಳುವುದಕ್ಕೆ ಈಗ ಯಾರೂ ಉಳಿದಿಲ್ಲ.

ಮೊನ್ನೆ ಹುರಿದು ಮಿಕ್ಕಿದ ಕಲ್ಲುಹೂವಿನ ಪೊಟ್ಟಣದಿಂದ ಒಂದು ಹಿಡಿ ತೆಗೆದು ಬಟ್ಟಲಲ್ಲಿ ನೀರು ಹಾಕಿ ನೆನೆಸಿಟ್ಟೆ. ಮಂಜಿನ ಆ ಬಣ್ಣಕ್ಕೆ ಬರುತ್ತದೆಯೋ ನೋಡೋಣವೆಂದು. ಸಂಜೆಯವರೆಗೂ ಹೋಗಿ ಹೋಗಿ ನೋಡಿದೆ. ಅಂಗಡಿಯದು, ಯಾವ ಕಾಲದಲ್ಲಿ ಮರದಿಂದ ಕಿತ್ತದ್ದೋ. ಮೆತ್ತಗಾಯಿತು, ಆದರೆ ಕಪ್ಪಗೇ ಉಳಿಯಿತು.

"ಇದೇನು ನೆನೆಸಿಟ್ಟಿದ್ದೀರಿ?" ಎಂದಳು ಹೆಂಡತಿ.

ಸುಮ್ಮನೆ ಎಂದೆ. ಬಟ್ಟಲನ್ನು ಹಿತ್ತಲಿಗೆ ಒಯ್ದು ಚೆಲ್ಲಿ ಬಂದೆ.