ಒರೆಸಲು ಬಾರದ ಬೋರ್ಡು

ಹೋದ ತಿಂಗಳು ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ಹೊಸದಾಗಿ ತೆರೆದ ಕಾಫಿ ಅಂಗಡಿಗೆ ಹೋಗಿದ್ದೆ. ಈಗಿನವರಿಗೆ ಹಳೆಯದೆಲ್ಲ ಫ್ಯಾಷನ್. ಗೋಡೆಗೆ ಶಾಲೆಯಲ್ಲಿರುವಂಥ ಕಪ್ಪು ಹಲಗೆಯೊಂದನ್ನು ತೂಗುಹಾಕಿ, ಅದರ ಮೇಲೆ ಸೀಮೆಸುಣ್ಣದಲ್ಲಿ ತಿಂಡಿಗಳ ಹೆಸರು ಬರೆದಿದ್ದರು. ನಾನು ಕಾಫಿಗೆ ಕಾಯುತ್ತಿದ್ದಾಗ ಕೌಂಟರಿನಲ್ಲಿದ್ದ ಹೆಂಗಸು ಒದ್ದೆ ಬಟ್ಟೆ ತಂದು ಒಂದು ಸಾಲನ್ನು ಒರೆಸಿದಳು. ಒದ್ದೆ ಸೀಮೆಸುಣ್ಣದ ವಾಸನೆ ಮೂಗಿಗೆ ಬಂತು. ಕಾಫಿ ಬಂದರೂ ಕುಡಿಯಲಾಗಲಿಲ್ಲ... ಹಾಗೇ ಬಿಟ್ಟು ಎದ್ದುಬಂದೆ.

ಆ ವಾಸನೆಗೆ ನನಗೆ ನೆನಪಾಗುವುದು ಒಬ್ಬರೇ. ನಮ್ಮ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಭಟ್ಟರು.

ಹೋಟೆಲು ನನ್ನ ಮಾವನವರದು. ಚಾಮರಾಜಪೇಟೆಯಲ್ಲಿ ಆರು ಮೇಜಿನ ಸಣ್ಣ ಜಾಗ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮಾವನವರಿಗೆ ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಯಿತು. ನನ್ನ ಗಂಡ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಹೋಟೆಲಿನ ಗೊಡವೆ ಅವರಿಗೆ ಬೇಡವಾಗಿತ್ತು. ಬಿ.ಕಾಂ. ಓದಿ ಮನೆಯಲ್ಲಿ ಕೂತಿದ್ದ ಸೊಸೆ ನಾನು. ಹೀಗೆ ಗಲ್ಲಾದ ಹಿಂದಿನ ಕುರ್ಚಿ ನನ್ನ ಪಾಲಿಗೆ ಬಂತು. ಕುರ್ಚಿಯ ಜೊತೆ ಗತ್ತೂ ಬಂತು. ಎಲ್ಲವನ್ನೂ ಸರಿಮಾಡಿಬಿಡುತ್ತೇನೆ ಎನ್ನುವ ಆತುರ ನನಗೆ ಆಗ ವಿಪರೀತ.

ಭಟ್ಟರು ಕುಂದಾಪುರದ ಕಡೆಯವರು. ಮದುವೆಗೆ ಮುಂಚೆಯೇ ಬೆಂಗಳೂರಿಗೆ ಬಂದಿದ್ದರಿಂದ ಇಲ್ಲಿಯ ಮಾತೇ ಬಾಯಿಗೆ ಹತ್ತಿತ್ತು. ಸಣಕಲು ಮೈ, ಹೆಗಲ ಮೇಲೆ ಸದಾ ಒಂದು ಟವಲು. ಹೆಂಡತಿಯ ಜೊತೆ ಹೋಟೆಲಿನ ಹಿಂದಿನ ವಠಾರದಲ್ಲಿದ್ದರು, ಮಕ್ಕಳಿರಲಿಲ್ಲ. ಮಾತು ಕಡಿಮೆ. ಒಲೆಯ ಮುಂದೆ ಮಾತ್ರ ಯಾರನ್ನೂ ನಿಲ್ಲಗೊಡುತ್ತಿರಲಿಲ್ಲ. ರುಬ್ಬಲು, ಹೆಚ್ಚಲು, ಪಾತ್ರೆ ತೊಳೆಯಲು ಎಷ್ಟು ಜನ ಬೇಕಾದರೂ ಇರಲಿ, ಸೌಟು ಅವರ ಕೈಯಲ್ಲೇ ಇರಬೇಕು.

ನಮ್ಮಲ್ಲೂ ಒಂದು ಕಪ್ಪು ಹಲಗೆ ಇತ್ತು, ಗಲ್ಲಾದ ಪಕ್ಕದ ಗೋಡೆಯಲ್ಲಿ. ಬೆಳಿಗ್ಗೆ ಮಾವನವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತೇನೇನು ಭಟ್ರೇ?" ಎಂದು ಕೇಳುವರು. ಭಟ್ಟರು ಹೇಳಿದ್ದನ್ನು ಹಾಗೆಯೇ ಹಲಗೆಯ ಮೇಲೆ ಬರೆಯುವರು. ಯಾವುದಾದರೂ ತಿಂಡಿ ಮುಗಿದರೆ ಭಟ್ಟರೇ ಒದ್ದೆ ಬಟ್ಟೆ ಹಿಡಿದು ಹೊರಗೆ ಬಂದು ಆ ಸಾಲನ್ನು ಒರೆಸಿ ಹೋಗುವರು. ಬೇರೆ ಯಾರೂ ಆ ಹಲಗೆಯನ್ನು ಒರೆಸುವಂತಿರಲಿಲ್ಲ, ಮಾವನವರು ಕೂಡ. ಒರೆಸಿದ ತಿಂಡಿಯನ್ನು ಯಾವ ಗಿರಾಕಿಯೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ವಡೆ ಹೋಗುತ್ತಿತ್ತು, ಆಮೇಲೆ ಪೂರಿ, ಹನ್ನೊಂದರ ಹೊತ್ತಿಗೆ ಖಾರಾಬಾತು. ಮಧ್ಯಾಹ್ನ ಹಲಗೆಯಲ್ಲಿ ಕಾಫಿ, ಟೀ ಬಿಟ್ಟು ಏನೂ ಉಳಿಯುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಮತ್ತೆ ಬರೆಯುವುದು.

ಕುರ್ಚಿಯಲ್ಲಿ ಕೂತ ನನಗೆ ಆ ಹಲಗೆ ಅವಮಾನದಂತೆ ಕಾಣತೊಡಗಿತು. ರಸ್ತೆಯ ಆಚೆ ಬದಿಗೆ ಆಗಷ್ಟೇ ಒಂದು ದರ್ಶಿನಿ ಬಂದಿತ್ತು. ಅಲ್ಲಿ ಒಳಗಿನಿಂದ ಟ್ಯೂಬ್‌ಲೈಟ್ ಉರಿಯುವ ದೊಡ್ಡ ಬೋರ್ಡು, ಬೆಳಗಿನಿಂದ ರಾತ್ರಿಯವರೆಗೆ ಎಲ್ಲ ತಿಂಡಿಯೂ ಅದರಲ್ಲಿ ಹೊಳೆಯುತ್ತಿತ್ತು. ನಮ್ಮ ಬಾಗಿಲಿಗೆ ಬಂದವರು ಖಾಲಿ ಹಲಗೆ ನೋಡಿ ರಸ್ತೆ ದಾಟುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು.

ಒಂದು ನೋಟ್‌ಬುಕ್ ಹಿಡಿದು ನಾನು ಊರೆಲ್ಲ ಬೋರ್ಡು ನೋಡಿಕೊಂಡು ಬಂದೆ. ಗಾಂಧಿ ಬಜಾರ್‌ನಲ್ಲಿ ಒಂದು ಹೋಟೆಲಿನ ಎದುರು ಅರ್ಧ ದಿನ ನಿಂತು ಜನ ಎಲ್ಲಿ ನೋಡುತ್ತಾರೆ ಎಂದು ಗಮನಿಸಿದೆ. ಮೊದಲ ಎರಡು ಸಾಲು ಓದುತ್ತಾರೆ, ಕೊನೆಯ ಸಾಲು ಓದುತ್ತಾರೆ, ನಡುವಿನದನ್ನು ಬಿಟ್ಟುಬಿಡುತ್ತಾರೆ. ಕನ್ನಡಕ ಮರೆತು ಬಂದ ವಯಸ್ಸಾದವರಿಗೆ ಬಿಳಿಯ ಮೇಲೆ ಕೆಂಪಕ್ಷರ ಕಾಣುವುದಿಲ್ಲ, ಕಡುಗೆಂಪಿನ ಮೇಲೆ ಹಳದಿ ಕಾಣುತ್ತದೆ. ಬಾಗಿಲಿನ ಬೆಳಕು ಬಿದ್ದು ಬೋರ್ಡು ಮಿಂಚಿದರೆ ಏನನ್ನೂ ಓದಲಾಗುವುದಿಲ್ಲ, ಅದಕ್ಕೆ ಮೇಲಿನ ಅಂಚನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಹೊಡೆಯಬೇಕು. ಇವೆಲ್ಲ ನಾನೇ ಕಂಡುಕೊಂಡದ್ದು. ಇಂದಿಗೂ ಅದರಲ್ಲಿ ಒಂದೂ ತಪ್ಪಿಲ್ಲ.

ಸುಲ್ತಾನ್‌ಪೇಟೆಯ ಪಕ್ಕದ ಗಲ್ಲಿಯಲ್ಲಿ ಬೋರ್ಡು ಮಾಡುವವರೊಬ್ಬರಿದ್ದರು. ಒಳಗೆ ದೀಪ ಉರಿಯುವ ಮೂರು ಬೋರ್ಡು ಹೇಳಿದೆ. ಬೆಳಗಿನ ತಿಂಡಿಗೊಂದು, ಕರಿದದ್ದು ಮತ್ತು ದೋಸೆಗೊಂದು, ಅನ್ನದ ಬಾತುಗಳು ಮತ್ತು ಕಾಫಿ, ಟೀಗೊಂದು. ಅವರು ಮಸಾಲೆದೋಸೆಯ ಬಣ್ಣದ ಚಿತ್ರ ಅಂಟಿಸುತ್ತೇನೆ ಎಂದರು. ಆ ದೋಸೆ ನಮ್ಮದಲ್ಲ, ಬೇಡ ಎಂದೆ. ಬೆಲೆಯ ಪಟ್ಟಿಗಳನ್ನು ಹೊರಗೆಳೆದು ಬದಲಿಸುವ ಹಾಗೆ ಸಣ್ಣ ಜಾಡು ಕೊರೆದಿದ್ದರು. ಅದನ್ನು ತೋರಿಸುತ್ತಾ, "ಮೇಡಂ, ಐಟಂ ಹೆಸರೂ ಹಿಂಗೇ ತೆಗೆಯೋ ಥರ ಮಾಡ್ಲಾ? ಖಾಲಿಯಾದ್ರೆ ಎಳೆದಿಟ್ಕೋಬಹುದು" ಎಂದು ಕೇಳಿದರು.

"ಬೇಡ. ನಡುನಡುವೆ ಖಾಲಿ ಜಾಗ ಕಂಡ್ರೆ ಅಸಹ್ಯ. ಹೆಸರು ಅಂಟಿಸಿಬಿಡಿ, ಅಲ್ಲಾಡಬಾರ್ದು" ಎಂದೆ.

ಅಷ್ಟೇ ಮಾತು. ನಾನು ಮಾಡಿದ ತಪ್ಪು ಇದೇ. ಅಂದು ಅದು ತಪ್ಪೆಂದು ಯಾರಾದರೂ ಹೇಳಿದ್ದರೆ ಅವರ ಮೇಲೇ ಹರಿಹಾಯುತ್ತಿದ್ದೆ.

ಭಟ್ಟರಿಗೆ ಪಟ್ಟಿಯನ್ನು ಓದಿ ಹೇಳಿದೆ. ಮೂವತ್ತಕ್ಕೂ ಹೆಚ್ಚು ತಿಂಡಿ. ಟವಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡರು.

"ಎಲ್ಲಾ ಮಾಡೋಕೆ ಬರುತ್ತಮ್ಮಾ" ಎಂದರು. ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, "ಮುಗಿದ್ರೆ ಹೇಗೆ ಒರೆಸೋದು?" ಎಂದರು.

"ಮುಗೀಬಾರ್ದು ಭಟ್ರೇ. ಅದಕ್ಕೇ ಬೋರ್ಡು ಹಾಕಿಸ್ತಿರೋದು."

ಅವರು ತಲೆಯಾಡಿಸಿ ಒಳಗೆ ಹೋದರು. ಒಪ್ಪಿಕೊಂಡರು ಎಂದುಕೊಂಡೆ. ನಮ್ಮ ಕಡೆ ಯಜಮಾನರ ಸೊಸೆಗೆ ಅಡುಗೆಯವರು ‘ಆಗುವುದಿಲ್ಲ’ ಎಂದು ಹೇಳುವುದಿಲ್ಲ, ಆ ತಿಳಿವಳಿಕೆ ನನಗಿರಬೇಕಿತ್ತು.

ಬೋರ್ಡುಗಳು ಬಂದವು. ಹಲಗೆಯನ್ನು ಇಳಿಸಿ ಸೌದೆಯ ಕೋಣೆಗೆ ಹಾಕಿಸಿದೆ. ವ್ಯಾಪಾರ ಕಣ್ಣಿಗೆ ಕಾಣುವಷ್ಟು ಏರಿತು, ಅದನ್ನು ಸುಳ್ಳು ಎನ್ನಲಾರೆ. ರಸ್ತೆ ದಾಟಿ ಹೋಗುತ್ತಿದ್ದವರು ಈಗ ಆಚೆಯಿಂದ ದಾಟಿ ಬರತೊಡಗಿದರು. ಮಧ್ಯಾಹ್ನ ಮೂರಕ್ಕೆ ಪೂರಿ ಕೇಳುವವರು, ಬೆಳಿಗ್ಗೆ ಎಂಟಕ್ಕೆ ಬೋಂಡ ಕೇಳುವವರು. ಸಪ್ಲೈಯರ್ "ಖಾಲಿ ಸಾರ್" ಎಂದರೆ ಅವರು ತಲೆಯೆತ್ತಿ ಬೋರ್ಡಿನ ಕಡೆ ಬೆರಳು ತೋರಿಸುತ್ತಿದ್ದರು. ನಾನೂ ಕುರ್ಚಿಯಿಂದ ಒಳಗಿನ ಕಿಂಡಿಯ ಕಡೆ ತಿರುಗಿ, "ಭಟ್ರೇ, ಬೋರ್ಡಲ್ಲಿದೆ" ಎನ್ನುತ್ತಿದ್ದೆ. ಒಳಗಿನಿಂದ ಎಣ್ಣೆ ಕಾಯುವ ಸದ್ದು ಬರುತ್ತಿತ್ತು. ಭಟ್ಟರು ಎದುರು ಮಾತಾಡಿದ್ದು ನನಗೆ ನೆನಪಿಲ್ಲ.

ಮನೆಯಲ್ಲಿ ಮಾವನವರು ಒಂದು ಸಂಜೆ, ತೊದಲುವ ನಾಲಿಗೆಯಲ್ಲಿ ಕಷ್ಟಪಟ್ಟು ಕೇಳಿದರು. "ಭಟ್ರು ಈಗ ಯಾವಾಗ ಕೂತ್ಕೋತಾರಮ್ಮಾ?"

"ಕೂರೋಕೆ ಎಲ್ಲಿ ಪುರುಸೊತ್ತು ಮಾವ, ಅಷ್ಟು ಜನ ಬರ್ತಿದಾರೆ" ಎಂದೆ. ಹೆಮ್ಮೆಯಿಂದಲೇ ಅಂದೆ. ಮಾವನವರು ನನ್ನ ಮುಖವನ್ನೇ ನೋಡುತ್ತಿದ್ದರು. ಆ ನೋಟ ಇವತ್ತಿಗೂ ಕಣ್ಣಮುಂದಿದೆ.

ನಾಲ್ಕೈದು ತಿಂಗಳಲ್ಲಿ ಭಟ್ಟರ ಕಾಲು ಊದತೊಡಗಿತು. ಮೊಣಕಾಲಿನಿಂದ ಕೆಳಗೆ ಹಳೆಯ ಪಂಚೆ ಹರಿದು ಸುತ್ತಿಕೊಂಡು ನಿಲ್ಲುತ್ತಿದ್ದರು. ಡಾಕ್ಟರಿಗೆ ತೋರಿಸಿ ಎಂದೆ. "ನಿಂತಿದ್ದಕ್ಕೆ ಆಗಿದ್ದಮ್ಮಾ, ಕೂತ್ರೆ ಹೋಗುತ್ತೆ" ಎಂದರು. ಅಷ್ಟು ಬಿಡಿಸಿ ಹೇಳಿದರೂ ನನಗೆ ತಲೆಗೆ ಹೋಗಲಿಲ್ಲ. ರಜ ಹಾಕಿ ಎಂದೆ. ಹಾಕಲಿಲ್ಲ.

ಅವತ್ತು ಮಧ್ಯಾಹ್ನ ಮೂರೂವರೆ ಇರಬಹುದು. ಹೊರಗೆ ಸೆಕೆ, ಹೋಟೆಲಿನಲ್ಲಿ ಒಬ್ಬರೇ ಗಿರಾಕಿ. ಕಚೇರಿಗೆ ಹೋಗುವವರ ಹಾಗಿದ್ದ ಸಾಧು ಮನುಷ್ಯ. ಬೋಂಡ ಕೇಳಿದರು. ಸಪ್ಲೈಯರ್ ನನ್ನ ಮುಖ ನೋಡಿದ. ನಾನು ಕಿಂಡಿಯ ಕಡೆ ತಿರುಗಿ, "ಭಟ್ರೇ, ಒಂದು ಪ್ಲೇಟ್ ಬೋಂಡ" ಎಂದೆ.

ಒಳಗಿನಿಂದ ಅವರ ದನಿ ಬಂತು, ನೆಲದ ಹತ್ತಿರದಿಂದ ಬಂದಂತೆ. "ಅಮ್ಮಾ, ಇವತ್ತೊಂದಿನ ಬೋಂಡ ಒರೆಸಿಬಿಡಿ."

ಎಂಥ ಮಾತಿದು, ಒರೆಸಲು ಅಲ್ಲೇನಿದೆ ಎಂದು ನನಗೆ ನಗುವೇ ಬಂತು. "ಬೋರ್ಡಲ್ಲಿದೆಯಲ್ಲ ಭಟ್ರೇ" ಎಂದೆ.

ಒಲೆ ಹೊತ್ತಿದ ಸದ್ದಾಯಿತು. ಹತ್ತು ನಿಮಿಷಕ್ಕೆ ಕಿಂಡಿಯಲ್ಲಿ ಪ್ಲೇಟು ಬಂತು. ನಾಲ್ಕು ಬೋಂಡ, ಪಕ್ಕದಲ್ಲಿ ಚಟ್ನಿ. ಗಿರಾಕಿ ತಿಂದು, ಚೆನ್ನಾಗಿದೆ ಎಂದು ಹೇಳಿ, ಕಾಫಿ ಕೇಳಿದರು. ನಾನು ಕಾಫಿ ಎಂದು ಎರಡು ಸಲ ಕೂಗಿದೆ. ಉತ್ತರ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಭಟ್ಟರು ರುಬ್ಬುವ ಯಂತ್ರಕ್ಕೆ ಒರಗಿ ನೆಲದ ಮೇಲೆ ಕಾಲು ಚಾಚಿದ್ದರು. ಒಲೆಯನ್ನು ಆರಿಸಿದ್ದರು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಎರಡು ದಿನ ಇದ್ದರು, ಕಣ್ಣು ಬಿಡಲಿಲ್ಲ.

ಹೃದಯದ ತೊಂದರೆ, ಬಹಳ ದಿನದಿಂದ ಇದ್ದಿರಬೇಕು ಎಂದರು ಡಾಕ್ಟರು. ಎಲ್ಲರೂ ಅದನ್ನೇ ಹೇಳಿ ನನಗೆ ಸಮಾಧಾನ ಮಾಡಿದರು. ಇರಬಹುದು. ಆದರೆ ಸಪ್ಲೈಯರ್ ಹೇಳಿದ ಇನ್ನೊಂದು ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಹಿಂದೆಲ್ಲ ಭಟ್ಟರು ಒಂದು ಸಾಲು ಒರೆಸಿ ಒಳಗೆ ಹೋದರೆ ಆ ತಿಂಡಿಯ ಒಲೆ ಆರಿಸಿ, ಹಿತ್ತಿಲ ಬಾಗಿಲಲ್ಲಿದ್ದ ಅಕ್ಕಿಮೂಟೆಯ ಮೇಲೆ ಕಾಲು ಮೇಲಿಟ್ಟುಕೊಂಡು ಕೂರುತ್ತಿದ್ದರಂತೆ. ವಡೆ ಒರೆಸಿದರೆ ಒಂದಿಷ್ಟು ಹೊತ್ತು, ಪೂರಿ ಒರೆಸಿದರೆ ಮತ್ತೊಂದಿಷ್ಟು. ಅದಕ್ಕೆಂದೇ ಅವರು ಹಿಟ್ಟು ಲೆಕ್ಕವಾಗಿ ಕಲಸುತ್ತಿದ್ದರು, ಮುಗಿಯಲೆಂದೇ. ದಿನವಿಡೀ ನಿಲ್ಲುವ ಮನುಷ್ಯ ತನಗೆ ತಾನೇ ಮಾಡಿಕೊಂಡಿದ್ದ ಏರ್ಪಾಡು ಅದು, ಮಾವನವರಿಗೂ ಗೊತ್ತಿದ್ದದ್ದು. ಅದನ್ನು ನಾನು ಅಕ್ಷರ ಅಂಟಿಸಿ ಮುಚ್ಚಿಬಿಟ್ಟಿದ್ದೆ.

ಹದಿಮೂರನೆಯ ದಿನ ಕಳೆದ ಮೇಲೆ ಬೋರ್ಡುಗಳನ್ನು ಇಳಿಸಲು ಆಳಿಗೆ ಹೇಳಿಬಿಟ್ಟಿದ್ದೆ. ಅಷ್ಟರಲ್ಲಿ ಭಟ್ಟರ ಹೆಂಡತಿ ಹೋಟೆಲಿಗೆ ಬಂದರು. ಒಳಗೆ ಬರಲಿಲ್ಲ. ಫುಟ್‌ಪಾತಿನ ಮೇಲೆಯೇ ನಿಂತು ತಲೆಯೆತ್ತಿ ಬೋರ್ಡು ನೋಡುತ್ತಿದ್ದರು. ಆಕೆಗೆ ಓದಲು ಬರುತ್ತಿರಲಿಲ್ಲ. ನಾನು ಹೊರಗೆ ಹೋದೆ.

"ಬೋರ್ಡು ಬಂದ ವಾರ ನನ್ನ ಕರ್ಕೊಂಡು ಬಂದು ಇಲ್ಲೇ ನಿಲ್ಸಿದ್ರು" ಎಂದರು. "ಒಂದೊಂದೇ ಓದಿ ಹೇಳಿದ್ರು. ಇಷ್ಟೂ ನಾನೇ ಮಾಡೋದು ಕಣೇ, ನೋಡು, ದೀಪ ಹಾಕಿ ಬರೆಸಿದಾರೆ ಅಂದ್ರು. ಅಷ್ಟು ಖುಷಿಯಾಗಿ ಅವರನ್ನ ನಾನು ನೋಡಿರ್ಲಿಲ್ಲ. ಅದನ್ನ ತೆಗೀಬೇಡಿ ಅಮ್ಮಾ."

ನಾನು ಆಳನ್ನು ವಾಪಸು ಕಳಿಸಿದೆ. ಒಲೆಗೆ ಇಬ್ಬರನ್ನು ಇಟ್ಟೆ, ಅಡುಗೆಮನೆಯಲ್ಲಿ ಎರಡು ಬೆಂಚು ಹಾಕಿಸಿದೆ. ಬೋರ್ಡು ಮಾತ್ರ ಹಾಗೇ ಉಳಿಯಿತು. ಆಕೆ ಹೂವು, ತರಕಾರಿಗೆ ಹೋಗುವಾಗಲೆಲ್ಲ ಅದರ ಮುಂದೆ ಒಂದು ನಿಮಿಷ ನಿಂತು ಹೋಗುವರು. ನಾನು ಗಲ್ಲಾದ ಹಿಂದೆ ಕೂತು ನೋಡುತ್ತಿದ್ದೆ. ಎಷ್ಟೋ ವರ್ಷ ಹೀಗೇ... ಮಾವನವರು ತೀರಿಕೊಂಡ ಮೇಲೆ ಕಟ್ಟಡದ ಮಾಲೀಕರು ಜಾಗ ಬಿಡಿಸಿಕೊಂಡರು. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ.

ಹೋಟೆಲು ಮುಚ್ಚಿದ ಮೇಲೂ ಆಕೆಯನ್ನು ನೋಡಲು ಹಬ್ಬಕ್ಕೊಮ್ಮೆ ಹೋಗುತ್ತಿದ್ದೆ. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ವಠಾರದ ಮೆಟ್ಟಿಲು ಹತ್ತುತ್ತಿದ್ದೆ. ಭಟ್ಟರು ಆವತ್ತು ಏನು ಕೇಳಿದರು, ನಾನು ಏನೆಂದೆ ಎನ್ನುವ ಎರಡೇ ಮಾತು. ಆಕೆ ಚಾಪೆ ಹಾಸಿ ಕೂರಿಸಿ, ಕಾಫಿ ಕೊಟ್ಟು, "ನಮ್ಮವರಿಗೆ ಅಷ್ಟು ದೊಡ್ಡ ಮರ್ಯಾದೆ ನೀವೊಬ್ರೇ ಕೊಟ್ಟಿದ್ದು" ಎನ್ನುವರು. ನಾನು ಕಾಫಿ ಕುಡಿದು, ಕುಂಕುಮ ತೆಗೆದುಕೊಂಡು, ಬರುತ್ತಿದ್ದೆ.

ಈ ಯುಗಾದಿಗೆ ಹೋದಾಗ ಬಾಗಿಲಿಗೆ ಬೇರೆಯವರ ಬೀಗವಿತ್ತು. ಪಕ್ಕದ ಮನೆಯವರು, ಆಕೆ ಹೋಗಿ ಎರಡು ತಿಂಗಳಾಯಿತು, ನಿಮಗೆ ತಿಳಿಸಲು ನಂಬರು ಸಿಗಲಿಲ್ಲ ಎಂದರು. ಕೊನೆಯ ದಿನಗಳಲ್ಲಿ ಆಕೆ ನನ್ನನ್ನು ಬಹಳ ನೆನೆಸುತ್ತಿದ್ದರಂತೆ, ಒಳ್ಳೆಯವರು ಎಂದು.