ಹಿಡಿಸೂಡಿಯೂ ಲಂಡನ್ ವಿಮಾನವೂ

ಶಕುನ, ಶಾಸ್ತ್ರ ಎಂದವರನ್ನು ಗೇಲಿ ಮಾಡುತ್ತಲೇ ಕೂದಲು ಹಣ್ಣಾದವನು ನಾನು. ಕುಂದಾಪುರದಲ್ಲಿ ಬಲೆ, ಹಗ್ಗ ಮಾರುವ ಅಂಗಡಿ ನನ್ನದು. ಕೈಗೆ ಸಿಗದ್ದನ್ನು ನಂಬಿದವನಲ್ಲ. ಈಗ ಹೇಳುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಲಂಡನ್ನಿನಲ್ಲಿರುವ ಮಗಳ ಬಾಣಂತನಕ್ಕೆಂದು ನನ್ನ ಹೆಂಡತಿ ಹೊರಟಳು. ಮುಂಬೈಯಲ್ಲಿರುವ ತಮ್ಮನ ಮನೆಯಲ್ಲಿ ಒಂದು ರಾತ್ರಿ ಉಳಿದು, ಮರುದಿನ ಅಲ್ಲಿಂದ ವಿಮಾನ. ಏಳು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ, ಹತ್ತು ತಾಸಿನ ಹಾರಾಟ. ನಮ್ಮಲ್ಲೊಂದು ಕ್ರಮವಿದೆ: ಪ್ರಯಾಣ ಹೋದವರು ಮುಟ್ಟುವ ತನಕ ಮನೆ ಗುಡಿಸಬಾರದು. ಬೈಂದೂರಿಗೋ ಬ್ರಹ್ಮಾವರಕ್ಕೋ ಹೋಗುವವರ ಕಾಲದಲ್ಲಿ ಮಾಡಿದ್ದಿರಬೇಕು. ಒಂದೆರಡು ತಾಸು ಕಾದರೆ ಮುಗಿಯಿತು. ಲಂಡನ್ನಿನ ಲೆಕ್ಕ ಹಿಡಿದವರಾರು? ಸಾಮಾನು ಕಟ್ಟಿದ ಗಡಿಬಿಡಿಯಲ್ಲಿ ಹಪ್ಪಳದ ಚೂರು, ಚಕ್ಕುಲಿ ಪುಡಿ ಮನೆ ತುಂಬ ಬಿದ್ದಿತ್ತು. ಮರುದಿನದ ಹೊತ್ತಿಗೆ ಇರುವೆಗಳು ಚಾವಡಿಯನ್ನು ವಹಿಸಿಕೊಂಡಿದ್ದವು.

"ಅವ್ಳ್ ಮುಟ್ಟಿದೆ ಅಂದ್ ಫೋನ್ ಮಾಡು ವರಿಗೆ ಹಿಡಿಸೂಡಿ ಮುಟ್ಟುಕಾಗ," ಎಂದು ನನ್ನ ಅಮ್ಮನ ಕಟ್ಟಪ್ಪಣೆ.

ಮಧ್ಯಾಹ್ನ ಅಳಿಯನ ಫೋನ್ ಬಂತು. ದಿನ ತುಂಬುವ ಮೊದಲೇ ಮಗಳಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಹೊರಟಿದ್ದೇವೆ ಎಂದ. ಚೊಚ್ಚಲ ಹೆರಿಗೆ. ಅಮ್ಮ ಬೇಕು ಅಂತ ಅಳುತ್ತಿದ್ದಾಳಂತೆ. ಅಮ್ಮನೋ ಆಕಾಶದಲ್ಲಿ. ವಿಮಾನದ ದಾರಿ ತೋರಿಸುವ ನಕ್ಷೆಯನ್ನು ಫೋನಿನಲ್ಲಿ ತೆರೆದು ಮೇಜಿನ ಮೇಲಿಟ್ಟೆ. ಕಪ್ಪು ಸಮುದ್ರದ ಮೇಲೆ ಅದು ನೆಟ್ಟಗೆ ಹೋಗುತ್ತಿತ್ತು. ಕೂತಲ್ಲಿ ಕೂರಲಾಗದೆ ಹಿಡಿಸೂಡಿ ಎತ್ತಿಕೊಂಡೆ.

ಒಂದು ಮೂಲೆ ಗುಡಿಸಿ ನೋಡುತ್ತೇನೆ, ವಿಮಾನ ತಿರುಗಿ ಸುತ್ತು ಹಾಕುತ್ತಿದೆ! ಹಿಡಿಸೂಡಿ ಕೆಳಗಿಟ್ಟೆ. ವಿಮಾನ ನೆಟ್ಟಗಾಯಿತು. ಕಾಕತಾಳೀಯ ಎಂದು ನಕ್ಕು ಇನ್ನೊಂದು ಮೂಲೆಗೆ ಕೈ ಹಾಕಿದೆ. ಮತ್ತೆ ಸುತ್ತು. ಹಿಡಿಸೂಡಿಯನ್ನು ತಟ್ಟನೆ ಕೆಳಗೆ ಹಾಕಿದೆ.

"ಎಂತ ಸದ್ದ್ ಅದ್?" ಎಂದು ಅಮ್ಮ ಒಳಗಿನಿಂದ ಕೇಳಿದಳು.

"ಎಂತದೂ ಇಲ್ಲೆ," ಎಂದೆ.

ಹಿಡಿಸೂಡಿಯನ್ನು ಬಾವಿಕಟ್ಟೆಯ ಹತ್ತಿರ ಇಟ್ಟು ಬಂದೆ. ಪಂಚೆಯ ಅಂಚು ಕೂಡ ನೆಲ ಸವರಬಾರದೆಂದು ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತೆ. ಇರುವೆಗಳಿಗೆ ಹಬ್ಬ. ಕೊನೆಗೂ ಫೋನ್ ಬಂತು: ವಿಮಾನ ಇಳಿದವಳೇ ಹೆಂಡತಿ ಆಸ್ಪತ್ರೆಗೆ ಓಡಿದ್ದಳು, ಮಗಳ ಕೈ ಹಿಡಿದ ಸ್ವಲ್ಪ ಹೊತ್ತಿಗೇ ಮೊಮ್ಮಗಳು ಹುಟ್ಟಿದ್ದಳು. ಕುರ್ಚಿಯಲ್ಲೇ ಕುಳಿತು ಗಳಗಳನೆ ಅತ್ತುಬಿಟ್ಟೆ.

ಮರುದಿನ ಹೆಂಡತಿ ಫೋನಿನಲ್ಲಿ ಹೇಳಿದಳು: "ಹ್ವಾಯ್, ನಮ್ ವಿಮಾನ ದಾರಿ ಮಧ್ಯ ಎರಡ್ ಸಲ ಸುತ್ತ್ ಹಾಕ್ತ್. ಎಂತಕೆ ಅಂದ್ ಯಾರೂ ಹೇಳ್ಲಿಲ್ಲೆ. ನೀವ್ ಮನಿ ಗುಡ್ಸುಕ್ ಹೋಯ್ಲಿಲ್ಲೆ ಅಲ್ದಾ?"

"ಛೆ ಛೆ," ಎಂದೆ.

ವಿಮಾನಕ್ಕೂ ನಮ್ಮ ಚಾವಡಿಯ ಕಸಕ್ಕೂ ಏನು ಸಂಬಂಧ? ಇವತ್ತಿಗೂ ನನಗೆ ತಿಳಿದಿಲ್ಲ. ಬರುವ ವಾರ ಹೆಂಡತಿ ಅಲ್ಲಿಂದ ಹೊರಡುತ್ತಾಳೆ. ಮಗಳ ಮನೆಯಲ್ಲಿ ತನ್ನಷ್ಟಕ್ಕೆ ಓಡಾಡಿ ನೆಲ ಗುಡಿಸುವ ಯಂತ್ರವೊಂದಿದೆ. ಅಮ್ಮ ಊರು ಮುಟ್ಟುವ ತನಕ ಅದನ್ನು ಬಂದ್ ಮಾಡಿಡು ಎಂದು ನಿನ್ನೆ ಮಗಳಿಗೆ ಫೋನ್ ಮಾಡಿದೆ.

"ಎಂತಕೆ ಅಪ್ಪಯ್ಯ?" ಎಂದಳು.

"ಕರೆಂಟ್ ಉಳಿತ್ತ್ ಮಗಾ," ಎಂದೆ.