ಮಮತಾಜ ಖಾಲಾ ಹೇಳಿದ ಧ್ರುವಯಾತ್ರಾ

ನನ್ನ ಹೆಸರು ಬಿಜಲಿ, ಅಂದರೆ ಕರೆಂಟು. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಡುನಡುವೆ ಕಿಸಕ್ಕೆಂದರೆ ನನಗೆ ಸಿಟ್ಟು ಬರುತ್ತದೆ. ನಿಪ್ಪಾಣಿಯಿಂದ ಚಿಕ್ಕೋಡಿ ಮೇಲಿಂದ ರಾಯಬಾಗಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರು. ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ, "ಬಿಜಲಿ ಬಂತಪೋ! ಮತ್ತ ಯಾವಾಗ ಹೋಗ್ತೈತಿ?" ಎನ್ನುವ ಗಂಡಸು ದಿನಕ್ಕೊಬ್ಬನಾದರೂ ಹತ್ತುತ್ತಾನೆ. "ಮೊದಲ ಟಿಕೆಟ್ ತಗೋರಿ, ಆಮ್ಯಾಲೆ ಶಾಕ್ ಕೊಡ್ತೀನಿ" ಅನ್ನುತ್ತೇನೆ. ಬಸ್ಸೆಲ್ಲ ನಗುತ್ತದೆ.

ಆದರೆ ಒಳಗೊಳಗೆ ಈ ಹೆಸರಿನ ಬಗ್ಗೆ ನನಗೆ ಬಲು ಜಂಬ. ನನ್ನ ಅವ್ವ ಚನ್ನವ್ವ ನಾನು ಸಣ್ಣವಳಿದ್ದಾಗಿನಿಂದ ಹೇಳಿಕೊಂಡು ಬಂದಿದ್ದಳು. ಹಿಂದೆ ಟಿವಿಯಲ್ಲಿ ಪ್ರತಿ ಆದಿತ್ಯವಾರ ಸಂಜೆ 'ಧ್ರುವಯಾತ್ರಾ' ಎಂಬ ಹಿಂದಿ ಧಾರಾವಾಹಿ ಬರುತ್ತಿತ್ತಂತೆ. ಧ್ರುವ ನಕ್ಷತ್ರಕ್ಕೆ ಹೊರಟು ದಾರಿ ತಪ್ಪಿದ ಆಕಾಶದ ಹಡಗಿನ ಕಥೆ. ಆ ಹಡಗಿನಲ್ಲಿ ಅಡುಗೆ ಮಾಡಲು ಹೋದವಳು ಬಿಜಲಿ. ಗಂಡಸರೆಲ್ಲ ಗುಂಡಿ ಒತ್ತಿ ಒತ್ತಿ ಸೋತಾಗ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು, "ಸರೀರಿ ಅತ್ಲಾಗ" ಎಂದು ಕ್ಯಾಪ್ಟನ್ನನನ್ನು ಎಬ್ಬಿಸಿ ಹಡಗು ತಿರುಗಿಸಿದವಳು. ಬಾಯಿಯೇ ಇಲ್ಲದ ಮಂದಿಯ ಲೋಕಕ್ಕೆ ಹೋದಾಗ ರೊಟ್ಟಿ ಬಡಿದು ತೋರಿಸಿ, ಕೈಯಿಂದಲೇ ಅವರೊಡನೆ ಮಾತಾಡಿದವಳು. ಅಂಥವಳ ಹೆಸರು ನನ್ನದು. ಡಿಪೋದಲ್ಲಿ ಯಾರಾದರೂ ದಬಾಯಿಸಿದರೆ ನಾನು ಹೆದರದೆ ನಿಲ್ಲುತ್ತಿದ್ದುದು ಈ ಹೆಸರಿನ ಬಲದಿಂದಲೇ ಎಂದರೆ ನೀವು ನಂಬಲಿಕ್ಕಿಲ್ಲ.

ಅವ್ವ ಆ ಧಾರಾವಾಹಿಯನ್ನು ಕಣ್ಣಾರೆ ಕಂಡಿರಲಿಲ್ಲ. ಅದನ್ನು ಕಂಡವಳು ನನಗೆ ಚಿಕ್ಕಮ್ಮನಂತಿರುವ ಮಮತಾಜ ಖಾಲಾ ಒಬ್ಬಳೇ.

ಖಾಲಾ ಕಾಗವಾಡದಿಂದ ನಿಪ್ಪಾಣಿಗೆ ಸೊಸೆಯಾಗಿ ಬಂದವಳು. ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಈಗ ಗಂಡ ಇಲ್ಲ, ಮಗಳು ಅರ್ಶಿಯಾ ಅಥಣಿಯಲ್ಲಿ ಸುಖವಾಗಿದ್ದಾಳೆ. ಇಷ್ಟು ಮೆತ್ತನೆಯ ಹೆಂಗಸನ್ನು ನಾನು ಇನ್ನೆಲ್ಲೂ ನೋಡಿಲ್ಲ. ಕಿರಾಣಿ ಅಂಗಡಿಯವನು ಹುಳ ಬಿದ್ದ ಬೇಳೆ ಕೊಟ್ಟರೂ ಸುಮ್ಮನೆ ತರುತ್ತಾಳೆ. ಅದನ್ನು ನಮ್ಮವ್ವ ಕಸಿದುಕೊಂಡು ಹೋಗಿ ಅವನ ಮುಂದೆ ಸುರಿದು ಬರುತ್ತಾಳೆ.

ಓಣಿಯ ಹೆಂಗಸರೆಲ್ಲ ಆಗ ನಮ್ಮ ಕಟ್ಟೆಯ ಮೇಲೆ ಕೂತು ಬೀಡಿ ಕಟ್ಟುತ್ತಿದ್ದರು. ಖಾಲಾ ಆದಿತ್ಯವಾರ ಸಂಜೆ ಮಾತ್ರ ತಂಬಾಕಿನ ವ್ಯಾಪಾರಿ ಅಣ್ಣಾಸಾಬರ ಮನೆಗೆ ಪಾತ್ರೆ ತಿಕ್ಕಲು ಹೋಗುತ್ತಿದ್ದಳು. ಅಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಟಿವಿ ಕಾಣುತ್ತಿತ್ತು. ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಕಲಿತವಳಾದ್ದರಿಂದ ಹಿಂದಿ ತಿಳಿಯುತ್ತಿತ್ತು. ಸೋಮವಾರ ಕಟ್ಟೆಗೆ ಬಂದು ಆ ಕಥೆಯನ್ನು ಕನ್ನಡದಲ್ಲಿ ಹೇಳುವಳು. ಹೇಳುವಾಗ ಅವಳು ಬೇರೆಯೇ ಹೆಂಗಸು. ದನಿ ಏರುತ್ತಿತ್ತು, ಕೈಗಳು ಆಡುತ್ತಿದ್ದವು. ಕೈ ಆಡಿದರೆ ಬೀಡಿ ಕಟ್ಟುವುದು ಹೇಗೆ? ಅದಕ್ಕೇ ಅವಳ ಮೊರದ ಎಲೆಗಳನ್ನು ಉಳಿದವರು ಒಂದೊಂದು ಹಿಡಿ ತಮ್ಮ ಮೊರಕ್ಕೆ ಎಳೆದುಕೊಂಡು ಅವಳ ಪಾಲಿನದನ್ನೂ ಕಟ್ಟಿಕೊಡುತ್ತಿದ್ದರು. ಕಥೆ ಹೇಳುವ ದಿನ ಖಾಲಾ ಮೊರ ಖಾಲಿ ಎಂದು ಇಂದಿಗೂ ಓಣಿಯಲ್ಲಿ ಮಾತಿದೆ.

ಒಂದು ಮಳೆಗಾಲದಲ್ಲಿ ಅಣ್ಣಾಸಾಬರು ಸಂಸಾರ ಸಮೇತ ಕೊಲ್ಲಾಪುರಕ್ಕೆ ಹೋದರು. ಟಿವಿಯೂ ಹೋಯಿತು. ಧ್ರುವಯಾತ್ರಾ ಅಲ್ಲಿಗೇ ನಿಂತಿತು. "ಮುಂದಿಂದು ನಾ ನೋಡಿಲ್ಲವಾ" ಎಂದು ಖಾಲಾ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟತೊಡಗಿದಳು. ಅದೇ ವರ್ಷದ ಚಳಿಗಾಲದಲ್ಲಿ ನಾನು ಹುಟ್ಟಿದೆ. ಅಪ್ಪ ತನ್ನ ತಾಯಿಯ ಹೆಸರಿಡೋಣ ಎಂದ. ಅವ್ವ ಕೇಳಲಿಲ್ಲ.

ಈಗ ಆ ಕಟ್ಟೆಯ ಮೇಲೆ ಉಳಿದವರು ಮೂವರು. ಅವ್ವ, ಖಾಲಾ ಮತ್ತು ಎದುರುಮನೆಯ ಉಜ್ವಲಾ ಕಾಕು. ಎಲ್ಲರ ಮನೆಯಲ್ಲೂ ಟಿವಿ ಬಂದಿದೆ, ದಿನವಿಡೀ ಏನೇನೋ ಬರುತ್ತದೆ. ಇವರಿಗೆ ಅದಾವುದೂ ಬೇಡ. ಇಂದಿಗೂ ಜಗಳ ಒಂದೇ: ಆಕಾಶದ ಧಾರಾವಾಹಿಗಳಲ್ಲಿ ಯಾವುದು ಶ್ರೇಷ್ಠ? ಕಾಕು 'ಸಾತ್ವಾ ಗ್ರಹ'ದ ಕಡೆ. ಅದು ಏಳನೆಯ ಗ್ರಹದ ಕಥೆ, ಧ್ರುವಯಾತ್ರಾಕ್ಕಿಂತ ಮೊದಲಿನದು, ಅದನ್ನೂ ಹೇಳಿದವಳು ಖಾಲಾನೇ. ಅದರಲ್ಲೊಂದು ರೋಬೋಟ್ ಇತ್ತು.

"ಅಗಬಾಯಿ! ಹೇಳಿದ ಕೆಲಸ ಮಾಡೂ ಗಂಡಸು ಅಂತ ನಾ ಕೇಳಿದ್ದು ಅದೊಂದನ್ನ" ಎಂದು ಕಾಕು.

"ಅದು ತಗಡಿನ ಡಬ್ಬಿ. ನಮ್ಮ ಬಿಜಲಿಗೆ ಜೀವ ಐತಿ" ಎಂದು ಅವ್ವ.

"ಜೀವ ಇದ್ರೇನಾತು? ಹಡಗ ಇನ್ನೂ ಊರ ಮುಟ್ಟಿಲ್ಲಲ್ಲ!"

ಇಲ್ಲಿಗೆ ಬಂದರೆ ಅವ್ವ ಸೋತು ತನ್ನ ಮೊರದ ಕಡೆ ತಿರುಗುತ್ತಿದ್ದಳು. ಖಾಲಾ ತಲೆ ತಗ್ಗಿಸಿ ನಗುತ್ತ ದಾರ ಸುತ್ತುತ್ತಿದ್ದಳು.

ನನಗೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಕಳೆದ ವರ್ಷ ಒಂದು ದಿನ ಮೊಬೈಲಿನಲ್ಲಿ ಹುಡುಕಿದರೆ, ಯಾರೋ ಪುಣ್ಯಾತ್ಮರು ಹಳೆಯ ಟೇಪಿನಿಂದ ತೆಗೆದು ಎರಡನ್ನೂ ಯೂಟ್ಯೂಬಿಗೆ ಹಾಕಿದ್ದಾರೆ! ಕುಣಿದಾಡಿಬಿಟ್ಟೆ. ಆದಿತ್ಯವಾರ ನನಗೆ ರಜೆ. ಕಾಕುವಿನ ಮನೆಯ ದೊಡ್ಡ ಟಿವಿಯಲ್ಲಿ ಎರಡನ್ನೂ ಹಚ್ಚೋಣ, ಯಾವುದು ಶ್ರೇಷ್ಠ ಎಂದು ಅಲ್ಲೇ ತೀರ್ಮಾನವಾಗಲಿ ಎಂದೆ. ಅವ್ವ ಶೇಂಗಾ ಹೋಳಿಗೆ ಮಾಡುತ್ತೇನೆಂದಳು. ಖಾಲಾಳ ಕೈಯಲ್ಲಿದ್ದ ದಾರ ಹರಿಯಿತು.

ಮರುದಿನ ಮುಂಜಾನೆ ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಖಾಲಾ ನನ್ನ ಬಸ್ಸು ಹತ್ತಿದಳು. ಒಬ್ಬಳೇ ಎಂದೂ ಬಸ್ಸು ಹತ್ತದವಳು.

"ಎಲ್ಲಿಗಿ ಖಾಲಾ?"

"ಎಲ್ಲಿಗ್ಯಾರೆ ಟಿಕೆಟ್ ಹರಿ ಬೇಟಾ. ಹೆಂಗೂ ನಮಗ ಫ್ರೀ ಐತಿ. ನಿನ್ನ ಜೋಡಿ ಮಾತಾಡೂದೈತಿ. ಮನ್ಯಾಗ ಆಡಿದ್ರ ಗ್ವಾಡಿ ಆಚೆ ಕೇಳಿಸ್ತೈತಿ."

ಚಿಕ್ಕೋಡಿಗೆ ಟಿಕೆಟ್ ಹರಿದು ಕೊಟ್ಟು ಅವಳ ಪಕ್ಕ ಕೂತೆ. ಅವಳು ಆಧಾರ್ ಕಾರ್ಡನ್ನು ಸೆರಗಿನ ತುದಿಯಲ್ಲಿ ಸುತ್ತುತ್ತ, ಬಿಚ್ಚುತ್ತ ಹೇಳಿದಳು. ಆ ದಿನಗಳಲ್ಲಿ ಧಾರಾವಾಹಿ ಅರ್ಧಕ್ಕೆ ಬಂದಾಗ ಎಷ್ಟೋ ಸಲ ಕರೆಂಟು ಹೋಗುತ್ತಿತ್ತು. ಸೋಮವಾರ ಕಟ್ಟೆಯ ಮೇಲೆ ಹೆಂಗಸರೆಲ್ಲ ಬಾಯಿ ಬಿಟ್ಟು ಕಾಯುತ್ತಿರುತ್ತಿದ್ದರು. ಅರ್ಧ ಕಥೆ ಹೇಳಿ ಹೇಗೆ ಏಳುವುದು? ಉಳಿದರ್ಧವನ್ನು ತಾನೇ ಹೊಂದಿಸಿ ಹೇಳಿದಳು. ಹಾಗೆ ಹೊಂದಿಸುತ್ತಿರುವಾಗ ಒಂದು ಸೋಮವಾರ ಹುಟ್ಟಿದವಳು ಬಿಜಲಿ. ಕರೆಂಟಿನದೇ ಚಿಂತೆ ತಲೆಯಲ್ಲಿತ್ತಲ್ಲ, ಬಾಯಿಗೆ ಬಂದದ್ದು ಅದೇ ಹೆಸರು.

"ಟಿವ್ಯಾಗ ಆಕಿ ಇಲ್ಲ ಬೇಟಾ. ಒಮ್ಮೇನೂ ಬಂದಿಲ್ಲ."

"ಅಂದ್ರ ನಾ ಯಾರ ಖಾಲಾ?" ಎಂದು ಜೋರಾಗಿ ಕೇಳಿಬಿಟ್ಟೆ. ಹಿಂದಿನ ಸೀಟಿನವನು, "ಕಂಡಕ್ಟರ್ ಬಾಯಿ, ನನಗೂ ಒಂದ ಚಿಕ್ಕೋಡಿ ಕೊಡ್ರಿ" ಎಂದ. "ತಡೀಪಾ, ಇಲ್ಲಿ ನನ್ನ ಹೆಸರ ಹೊಂಟೈತಿ!" ಎಂದು ಅವನ ಮೇಲೆ ಹರಿಹಾಯ್ದೆ. ಪಾಪ, ಅವನದೇನು ತಪ್ಪು?

ಖಾಲಾಳ ಕಣ್ಣಲ್ಲಿ ನೀರು. "ಚನ್ನವ್ವ ಹೊಟ್ಟೀಲೆ ಇದ್ಲು. ಆಕಿ ಬಿಜಲಿ ಮಾತ ಬಂದಾಗಷ್ಟ ನಗತಿದ್ಲು. ಅದಕ್ಕ ಬಿಜಲೀನ ವಾರವಾರಾ ಕತಿಯಾಗ ಕರಕೊಂಡ ಬಂದ್ನಿ. ಮಗಳಿಗಿ ಅದ ಹೆಸರ ಇಡತಾಳಂತ ನಾ ಏನ ಕಂಡಿದ್ನಿ? ಈಗ ಖರೇ ತಿಳದು ಆಕಿ ಮಾತ ಬಿಟ್ಲಂದ್ರ ನಾ ಯಾರ ಜೋಡಿ ಕುಂದರ್ಲಿ? ಆದಿತ್ಯವಾರ ಅದನ್ನ ಹಚ್ಚಬ್ಯಾಡವಾ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಸಂಜೆ ಬಂದು ನೆಟ್ ಇಲ್ಲ, ಮೊಬೈಲ್ ಕೆಟ್ಟಿದೆ ಎಂದೆಲ್ಲ ನೆಪ ಹೇಳಿದೆ. ಉಪಯೋಗವಾಗಲಿಲ್ಲ. ಕಾಕುವಿನ ಸೊಸೆ ಅಷ್ಟರಲ್ಲಿ ತಮ್ಮ ಟಿವಿಯಲ್ಲೇ ಎರಡನ್ನೂ ಹುಡುಕಿ ಇಟ್ಟಿದ್ದಳು.

ಆದಿತ್ಯವಾರ ಮೊದಲು ಹಚ್ಚಿದ್ದು ಸಾತ್ವಾ ಗ್ರಹ. ರೋಬೋಟ್ ಬಂತು. ಮೂಲೆಯಲ್ಲಿ ನಿಂತು ದೀಪ ಮಿಣುಕಿಸಿತು, ಒಂದು ಲೋಟ ಸಹ ಎತ್ತಲಿಲ್ಲ. "ಇದೂ ನಮ್ಮ ಮನಿಯವರಂಗ ಐತಲ್ಲ!" ಎಂದು ಕಾಕು ಹಣೆ ಬಡಿದುಕೊಂಡಳು. ಅವ್ವ ಬಿದ್ದು ಬಿದ್ದು ನಕ್ಕಳು. ಖಾಲಾ ಬಾಗಿಲ ಬಳಿ ಕೂತಿದ್ದಳು, ಹೋಳಿಗೆ ಮುಟ್ಟಿರಲಿಲ್ಲ.

ಆಮೇಲೆ ಧ್ರುವಯಾತ್ರಾ. ಒಂದು ಭಾಗ, ಎರಡು ಭಾಗ, ಹೀಗೆ ಮಧ್ಯಾಹ್ನವೆಲ್ಲ ಕಳೆಯಿತು. ಅವ್ವ ಮುಂದಕ್ಕೆ ಸರಿದು ಸರಿದು ಟಿವಿಯ ಹತ್ತಿರವೇ ಹೋಗಿ ಕೂತಳು. ಅಲ್ಲಿ ಗಂಡಸರು ಗುಂಡಿ ಒತ್ತುತ್ತಲೇ ಇದ್ದರು. ಹಡಗಿನಲ್ಲಿ ಅಡುಗೆಮನೆಯೇ ಇರಲಿಲ್ಲ, ಎಲ್ಲರೂ ಗುಳಿಗೆ ನುಂಗುತ್ತಿದ್ದರು.

"ಬಿಜಲಿ ಯಾವಾಗ ಬರತಾಳ?" ಎಂದಳು ಅವ್ವ.

"ಕೆಲವೊಂದು ಭಾಗ ಕಳದ ಹೋಗ್ಯಾವಂತ ಯವ್ವಾ" ಎಂದು ನಾನು ಸುಳ್ಳು ಹೇಳಿದೆ. ಸುಳ್ಳು ನನ್ನ ಬಾಯಲ್ಲಿ ನಿಲ್ಲುವುದಿಲ್ಲ, ಮುಖ ಕೆಂಪಾಯಿತು.

"ಕಳದಿಲ್ಲ ಚನ್ನವ್ವ" ಎಂದು ಖಾಲಾ ಬಾಗಿಲಿನಿಂದಲೇ ಹೇಳಿದಳು. "ಆಕಿ ಎಂದೂ ಇದ್ದಿಲ್ಲ. ನಾನ ಮಾಡಿ ಹೇಳಿದ್ನಿ."

ಅವ್ವ ತಿರುಗಿ ನೋಡಿದಳು. ನನ್ನನ್ನು ನೋಡಿದಳು, ಖಾಲಾಳನ್ನು ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದಳು. ಅವಳು ಬೈದಿದ್ದರೆ ನಮಗೆ ಜೀವ ಬರುತ್ತಿತ್ತು. ಆ ಸಂಜೆ ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳ ಸಪ್ಪಳವಷ್ಟೇ ಇತ್ತು, ಗೋಡೆಯ ಆಚೆ ಅದೂ ಇರಲಿಲ್ಲ.

ಸೋಮವಾರ ನನಗೆ ಮಧ್ಯಾಹ್ನದ ಡ್ಯೂಟಿ. ಅವ್ವ ಕಟ್ಟೆಯ ಮೇಲೆ ಮೊರ ಹಿಡಿದು ಕೂತಳು, ಕಾಕು ಬಂದಳು. ಖಾಲಾ ಬರಲಿಲ್ಲ. ಬಿಸಿಲು ಕಟ್ಟೆಗೆ ಬರುವವರೆಗೂ ಅವ್ವ ಬೀಡಿ ಕಟ್ಟಿದಳು. ಆಮೇಲೆ ಒಮ್ಮೆಲೇ ಗೋಡೆಯ ಆಚೆ ಕೇಳುವ ಹಾಗೆ ಕೂಗಿದಳು:

"ಬೇ ಮಮತಾಜ! ಮೊರ ತಗೊಂಡ ಬಾ ಇಲ್ಲೆ!"

ಖಾಲಾ ಬಂದು ಕಟ್ಟೆಯ ತುದಿಯಲ್ಲಿ ಕೂತಳು.

"ಅಣ್ಣಾಸಾಬರ ಟಿವಿ ಹೋತಂತ ಕತಿ ನಿಲ್ಲಿಸಿದೆಲ್ಲ" ಎಂದಳು ಅವ್ವ. "ಆ ಹಡಗ ಊರ ಮುಟ್ಟಿತೋ ಇಲ್ಲೋ ಅಂತ ನಾ ಇಷ್ಟ ವರ್ಷ ಕೊರಗೇನಿ. ಹಡಿಯೂ ಮುಂದಾನೂ ಅದನ್ನ ಕೇಳಿದ್ನಿ, ನಾ ನೋಡಿಲ್ಲ ಅಂದಿ. ಟಿವಿ ಹೋದ್ರ ಬಿಜಲಿ ಯಾಕ ಹೋಗಬೇಕಿತ್ತ ಬೇ? ಆಕಿ ಏನ ಟಿವಿದಾಕಿ ಆಗಿದ್ಲೇನ? ನಿನ್ನಾಕಿ ಆಗಿದ್ಲು!"

ಅವ್ವ ಬಗ್ಗಿ ಖಾಲಾಳ ಮೊರದಿಂದ ಒಂದು ದೊಡ್ಡ ಹಿಡಿ ಎಲೆ ಎಳೆದು ತನ್ನ ಮೊರಕ್ಕೆ ಹಾಕಿಕೊಂಡಳು. ಕಾಕು ಕೂಡ ಒಂದು ಹಿಡಿ ಎಳೆದುಕೊಂಡು, "ನನ್ನ ರೋಬೋಟನ್ನೂ ಆ ಹಡಗದಾಗ ಕುಂಡ್ರಸು, ಭಾಂಡಿ ತಿಕ್ಕಲಿ" ಎಂದಳು. ಯಾವುದು ಶ್ರೇಷ್ಠ ಎಂಬ ಜಗಳ ಅಲ್ಲಿಗೆ ಮುಗಿಯಿತು. ನಾನು ಸಮವಸ್ತ್ರ ಹಾಕಿಕೊಂಡು ಹೊಸ್ತಿಲಲ್ಲೇ ನಿಂತಿದ್ದೆ, ಡ್ಯೂಟಿಗೆ ಹೊತ್ತಾಗಿತ್ತು, ಕಾಲು ಏಳಲಿಲ್ಲ.

ಖಾಲಾ ಖಾಲಿ ಮೊರವನ್ನು ಪಕ್ಕಕ್ಕಿಟ್ಟು ಕಣ್ಣೊರೆಸಿಕೊಂಡಳು. "ಎಲ್ಲಿ ಮಟಾ ಬಂದಿದ್ವಿ ಚನ್ನವ್ವ?" ಎಂದು ಕೇಳಿದಳು.

ಅವ್ವ ಬೀಡಿಯಿಂದ ಕಣ್ಣೆತ್ತಲಿಲ್ಲ. "ಹಡಗದಾಗಿನ ಎಣ್ಣಿ ತೀರಿತ್ತು" ಎಂದಳು. "ಗಂಡಸ್ರೆಲ್ಲಾ ಮಕ್ಕೊಂಡಿದ್ರು. ಬಿಜಲಿ ಒಬ್ಬಾಕೀನ ಎಚ್ಚರಿದ್ಲು."